ಗಾಲಿಯ ಮೇಲಿನ ವಾನಪ್ರಸ್ಥ

ನಮ್ಮ ಶಾಸ್ತ್ರಗಳು ಹೇಳುವ ನಾಲ್ಕು ಆಶ್ರಮಗಳಲ್ಲಿ ಮೂರನೆಯದು ವಾನಪ್ರಸ್ಥ. ತಲೆ ನರೆತು, ಮೊಮ್ಮಕ್ಕಳ ಮುಖ ಕಂಡ ಮೇಲೆ ಗೃಹಸ್ಥನಾದವನು ಮನೆಯ ಭಾರವನ್ನು ಮಕ್ಕಳಿಗೊಪ್ಪಿಸಿ ಕಾಡಿನ ದಾರಿ ಹಿಡಿಯಬೇಕು. ಹೆಂಡತಿಯನ್ನು ಮಕ್ಕಳ ಆಸರೆಯಲ್ಲಿ ಬಿಡಬಹುದು, ಇಲ್ಲವೇ ಜೊತೆಗೆ ಕರೆದೊಯ್ಯಬಹುದು ಎನ್ನುತ್ತದೆ ಮನುಸ್ಮೃತಿ. ಈ ಆಶ್ರಮ ನಮ್ಮಲ್ಲಿ ಪುರಾಣ ಪ್ರವಚನಗಳಲ್ಲಿ ಉಳಿದಷ್ಟು ಬದುಕಿನಲ್ಲಿ ಉಳಿಯಲಿಲ್ಲ. ಆದರೆ ಆ ಪದವನ್ನೇ ಕೇಳದ ಅಮೆರಿಕದಲ್ಲಿ ಸಾವಿರ ಸಾವಿರ ದಂಪತಿಗಳು ಅದನ್ನು ಹೋಲುವಂಥದೊಂದನ್ನು ವರ್ಷವೂ ಮಾಡುತ್ತಾರೆ. ನಿವೃತ್ತಿಯಾದ ಮರುವರ್ಷ ಮನೆ ಮಾರಿ ಅಥವಾ ಬೀಗ ಹಾಕಿ, ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಇರುವ ವಾಹನವೊಂದನ್ನು ಹತ್ತಿ ಹೊರಡುತ್ತಾರೆ. ಒಂದು ಕೆರೆಯ ದಂಡೆಯಲ್ಲಿ ಎರಡು ವಾರ, ಇನ್ನೊಂದು ಸರೋವರದ ಬಳಿ ಎರಡು ವಾರ. ಮಳೆಗಾಲವಲ್ಲ, ಹಿಮಗಾಲ ಅವರ ದಿಕ್ಕನ್ನು ತಿರುಗಿಸುತ್ತದೆ. ಚಳಿ ಹತ್ತಿರವಾದಾಗ ದಕ್ಷಿಣಕ್ಕೆ, ಬೇಸಿಗೆ ಬಂದಾಗ ಉತ್ತರಕ್ಕೆ. ಅಲ್ಲಿನ ಜನ ಇವರಿಗೆ ಇಟ್ಟಿರುವ ಹೆಸರೂ ವಲಸೆ ಹಕ್ಕಿಯದೇ: 'ಹಿಮಹಕ್ಕಿ'ಗಳು.

ರಿಕ್ರಿಯೇಷನಲ್ ವೆಹಿಕಲ್, ಚಿಕ್ಕದಾಗಿ ಆರ್‌ವಿ ಎಂದು ಕರೆಯಲಾಗುವ ಈ ಗಾಲಿಮನೆಯ ಬದುಕು ನೋಡುವವರಿಗೆ ಬಹಳ ಸಹಜವಾಗಿ ಕಾಣುತ್ತದೆ. ನೀರಿನ ಅಂಚು, ಮರದ ನೆರಳು, ಸಂಜೆಯ ಬೆಂಕಿ, ಎರಡು ಮಡಿಸುವ ಕುರ್ಚಿ. ಆದರೆ ಈ ಚಿತ್ರ ಪೂರ್ಣವಾಗಬೇಕಾದರೆ ಮೂರು ಸಂಗತಿಗಳು ಕೂಡಿ ಬರಬೇಕು: ಮನೆಯಾಗಬಲ್ಲ ವಾಹನ, ಅದು ಓಡಬಲ್ಲ ರಸ್ತೆ, ಅದು ನಿಲ್ಲಬಲ್ಲ ನೀರಿನ ದಂಡೆ. ಇವುಗಳಲ್ಲಿ ಯಾವುದೂ ತಾನಾಗಿ ಹುಟ್ಟಿದ್ದಲ್ಲ. ಮೂರಕ್ಕೂ ಒಂದೊಂದು ಚರಿತ್ರೆಯಿದೆ. ಮೂರನೆಯದರ ಚರಿತ್ರೆಯಲ್ಲಿ ಕಣ್ಣೀರೂ ಇದೆ.

ಸಿರಿವಂತರ ಆಟ

1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪಿಯರ್ಸ್-ಆ್ಯರೋ ಕಂಪನಿ 'ಟೂರಿಂಗ್ ಲ್ಯಾಂಡೋ' ಎಂಬ ಮೋಟಾರನ್ನು ಪ್ರದರ್ಶನಕ್ಕಿಟ್ಟಿತು. ಹಿಂದಿನ ಆಸನವನ್ನು ಬಿಚ್ಚಿದರೆ ಹಾಸಿಗೆಯಾಗುತ್ತಿತ್ತು. ಚಾಲಕನ ಆಸನದ ಬೆನ್ನಿನಿಂದ ಕೈತೊಳೆಯುವ ತೊಟ್ಟಿಯೊಂದು ಮಡಿಚಿ ಹೊರಬರುತ್ತಿತ್ತು. ಯಜಮಾನರು ಒಳಗಿನಿಂದಲೇ ಚಾಲಕನಿಗೆ ಅಪ್ಪಣೆ ಕೊಡಲು ದೂರವಾಣಿ ಇತ್ತು. ಹೀಗೆ ಗಾಲಿಮನೆಯ ಮೊದಲ ಅವತಾರದಲ್ಲಿ ಮನೆಯ ಜೊತೆ ಆಳೂ ಸೇರಿದ್ದ!

ಮುಂದಿನ ಹೆಜ್ಜೆಯೂ ದೊಡ್ಡವರದೇ. 1916ರಿಂದ 1924ರವರೆಗೆ ಹೆನ್ರಿ ಫೋರ್ಡ್, ಥಾಮಸ್ ಎಡಿಸನ್, ಟೈರಿನ ದೊರೆ ಹಾರ್ವೆ ಫೈರ್‌ಸ್ಟೋನ್ ಮತ್ತು ಪ್ರಕೃತಿ ಲೇಖಕ ಜಾನ್ ಬರೋಸ್ ತಮ್ಮನ್ನು ತಾವೇ 'ಅಲೆಮಾರಿಗಳು' ಎಂದು ಕರೆದುಕೊಂಡು ಬೇಸಿಗೆಯಲ್ಲಿ ಬಿಡಾರ ಹೂಡುತ್ತಿದ್ದರು. 1921ರಲ್ಲಿ ಬರೋಸ್ ತೀರಿಕೊಂಡ ಮೇಲೂ ಉಳಿದವರು ಪದ್ಧತಿಯನ್ನು ಬಿಡಲಿಲ್ಲ. ಆ ವರ್ಷದ ಬಿಡಾರಕ್ಕೆ ಅಧ್ಯಕ್ಷ ಹಾರ್ಡಿಂಗ್ ಕೂಡ ಬಂದು ಸೇರಿದರು. ಅಡುಗೆಯವರು, ಅಡುಗೆ ಸಾಮಾನಿನ ಲಾರಿ, ಹಿಂದೆ ಛಾಯಾಚಿತ್ರಗಾರರು. ಅಲೆಮಾರಿತನ ಹೆಸರಿಗಷ್ಟೇ. ಆದರೂ ಪತ್ರಿಕೆಗಳಲ್ಲಿ ಬಂದ ಆ ಚಿತ್ರಗಳು ಒಂದು ಕೆಲಸ ಮಾಡಿದವು. ಕಾರು ಇರುವುದು ಕಚೇರಿಗೆ ಹೋಗಲಿಕ್ಕೆ ಮಾತ್ರವಲ್ಲ, ಕಾಡಿಗೆ ಹೋಗಲಿಕ್ಕೂ ಹೌದು ಎಂದು ಸಾಮಾನ್ಯರಿಗೆ ಕಲಿಸಿದವು.

ಸಾಮಾನ್ಯರ ಕೈಗೆ ಕಾರು ಸಿಕ್ಕಿದ್ದೂ ಅದೇ ಫೋರ್ಡನಿಂದ. 1908ರಲ್ಲಿ ಬಂದ ಮಾಡೆಲ್-ಟಿ ಕಾರಿನ ಬೆಲೆ 1920ರ ದಶಕದ ನಡುವೆ 300 ಡಾಲರಿಗಿಂತ ಕೆಳಗಿಳಿದಿತ್ತು. ಜನ ಅದಕ್ಕೆ ಡೇರೆ ಕಟ್ಟಿಕೊಂಡು ಹೊರಟರು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾ ಊರಿನ ಉದ್ಯಾನವೊಂದರಲ್ಲಿ ಇಂಥವರು ಕೂಡಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಸಂಘ ಕಟ್ಟಿಕೊಂಡರು. ಡಬ್ಬಿಯಲ್ಲಿ ಬರುವ ಆಹಾರವನ್ನು ಬಿಸಿ ಮಾಡಿ ತಿನ್ನುವವರು ಎಂಬ ಹಾಸ್ಯವನ್ನೇ ಇವರು ಬಿರುದಾಗಿ ಸ್ವೀಕರಿಸಿ, ಕಾರಿನ ರೇಡಿಯೇಟರ್ ಮುಚ್ಚಳದ ಮೇಲೆ ಖಾಲಿ ಡಬ್ಬಿಯೊಂದನ್ನು ಬೆಸೆದುಕೊಂಡರು. ದಾರಿಯಲ್ಲಿ ಆ ಡಬ್ಬಿ ಕಂಡರೆ 'ನಮ್ಮವರು' ಎಂದು ಗುರುತು.

ಊರೂರಿನ ಪುರಸಭೆಗಳು ಇವರಿಗೆ ಮೊದಮೊದಲು ಪುಕ್ಕಟೆ ಜಾಗ ಕೊಟ್ಟವು. ಪ್ರವಾಸಿಗಳು ಬಂದರೆ ಊರಿನ ಅಂಗಡಿಗಳಿಗೆ ವ್ಯಾಪಾರ. ಡೆನ್ವರ್ ನಗರದ ಓವರ್‌ಲ್ಯಾಂಡ್ ಪಾರ್ಕ್ ಇಂಥ ಬಿಡಾರಗಳಲ್ಲಿ ದೊಡ್ಡ ಹೆಸರು ಮಾಡಿತ್ತು. ಆದರೆ ಕೆಲಸ ಹುಡುಕಿಕೊಂಡು ಮುರುಕಲು ಕಾರಿನಲ್ಲಿ ಊರೂರು ಅಲೆಯುವ ಬಡವರೂ ಅದೇ ಜಾಗಗಳಿಗೆ ಬಂದಾಗ ಊರುಗಳ ಮನಸ್ಸು ಬದಲಾಯಿತು. ದಿನಕ್ಕಿಷ್ಟು ಎಂದು ಶುಲ್ಕ ಬಂತು, ಇಷ್ಟೇ ದಿನ ಎಂದು ಮಿತಿ ಬಂತು. ಮನೆಯಿದ್ದೂ ಅಲೆಯುವವನು ಪ್ರವಾಸಿ, ಮನೆಯಿಲ್ಲದೆ ಅಲೆಯುವವನು ಅಲೆಮಾರಿ. ಈ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬ ಪ್ರಶ್ನೆ ನೂರು ವರ್ಷವಾದರೂ ಆ ದೇಶವನ್ನು ಬಿಟ್ಟಿಲ್ಲ.

ಹೆಂಡತಿಯ ಅಡುಗೆಮನೆ

ಡೇರೆಯಿಂದ ಮನೆಗೆ ಬಂದ ಕತೆಯಲ್ಲಿ ಎರಡು ಸಂಸಾರಗಳು ಬರುತ್ತವೆ. ಮೊದಲನೆಯದು ಡೆಟ್ರಾಯಿಟಿನ ಸೂಕ್ಷ್ಮಾಣುಶಾಸ್ತ್ರಜ್ಞ ಆರ್ಥರ್ ಶರ್ಮನ್ ಅವರದು. 1929ರಲ್ಲಿ ಅವರು ಕಾರಿನ ಹಿಂದೆ ಎಳೆದೊಯ್ಯುವ ಡೇರೆಗಾಡಿಯೊಂದನ್ನು ಕೊಂಡು ಹೆಂಡತಿ ಮಕ್ಕಳೊಂದಿಗೆ ಹೊರಟರು. ನಿಮಿಷಗಳಲ್ಲಿ ಬಿಚ್ಚಿ ನಿಲ್ಲಿಸಬಹುದು ಎಂದು ಜಾಹೀರಾತು ಹೇಳಿತ್ತು. ಮೊದಲ ರಾತ್ರಿಯೇ ಮಳೆ ಹಿಡಿಯಿತು; ಡೇರೆ ಮಾತು ಕೇಳಲಿಲ್ಲ. ರೋಸಿಹೋದ ಶರ್ಮನ್ ಊರಿಗೆ ಮರಳಿ, ಬಡಗಿಯೊಬ್ಬನಿಂದ ಗಟ್ಟಿ ಗೋಡೆಯ ಪೆಟ್ಟಿಗೆಯಂಥ ಗಾಡಿ ಮಾಡಿಸಿದರು. ಮಕ್ಕಳು ಅದಕ್ಕೆ 'ಕವರ್ಡ್ ವ್ಯಾಗನ್' ಎಂದರು, ಪಶ್ಚಿಮಕ್ಕೆ ವಲಸೆ ಹೋದ ಹಿಂದಿನವರ ಕಮಾನು ಗಾಡಿಯ ನೆನಪಿನಲ್ಲಿ. 1930ರ ಡೆಟ್ರಾಯಿಟ್ ಮೋಟಾರು ಪ್ರದರ್ಶನದಲ್ಲಿ ಅದನ್ನಿಟ್ಟರು. ಆರೇ ವರ್ಷಗಳಲ್ಲಿ ಅವರ ಕಂಪನಿ ದೇಶದ ಅತಿ ದೊಡ್ಡ ಟ್ರೇಲರ್ ತಯಾರಕ ಎನಿಸಿಕೊಂಡಿತು. ನಡುವೆ ಬಂದ ಆರ್ಥಿಕ ಮಹಾಕುಸಿತ ಹಲವು ಉದ್ಯಮಗಳನ್ನು ಮುಳುಗಿಸಿತು; ಅಗ್ಗದ ಗಾಡಿಮನೆಯನ್ನು ಮಾತ್ರ ತೇಲಿಸಿತು.

ಎರಡನೆಯದು ವಾಲಿ ಬೈಯಮ್ ಅವರದು. ಲಾಸ್ ಏಂಜಲೀಸಿನಲ್ಲಿ ಪತ್ರಿಕೆ ನಡೆಸುತ್ತಿದ್ದ ಇವರಿಗೆ ಬಿಡಾರದ ಹುಚ್ಚು. ಅಡುಗೆಮನೆಯಿಲ್ಲದ ಕಡೆಗೆ ತಾನು ಬರುವುದಿಲ್ಲ ಎಂದು ಹೆಂಡತಿ ಪಟ್ಟು ಹಿಡಿದರಂತೆ. ಬೈಯಮ್ ಮಾಡೆಲ್-ಟಿ ಕಾರಿನ ತಳದ ಮೇಲೆ ನೀರಹನಿಯ ಆಕಾರದ ಪುಟ್ಟ ಗೂಡು ಕಟ್ಟಿ, ಒಳಗೆ ಒಲೆಯನ್ನೂ ತಂಪುಪೆಟ್ಟಿಗೆಯನ್ನೂ ಇಟ್ಟರು. ದಾರಿಯಲ್ಲಿ ಕಂಡವರೆಲ್ಲ ವಿಚಾರಿಸತೊಡಗಿದಾಗ ಅದರ ನಕ್ಷೆಯನ್ನೇ ಒಂದು ಡಾಲರಿಗೆ ಮಾರಿದರು. 1931ರಲ್ಲಿ ಕಾರ್ಖಾನೆ ತೆರೆದರು. ಅದೇ ಏರ್‌ಸ್ಟ್ರೀಮ್ ಕಂಪನಿ. ವಿಮಾನದ ಹೊಟ್ಟೆಯಂತೆ ಹೊಳೆಯುವ ಅಲ್ಯುಮಿನಿಯಂ ಮೈ ಅದಕ್ಕೆ ಬಂದದ್ದು ಹಾಲಿ ಬೌಲಸ್ ಎಂಬ ವಿಮಾನ ತಜ್ಞನ ಟ್ರೇಲರಿನಿಂದ. ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟಿದ ಲಿಂಡ್‌ಬರ್ಗನ ವಿಮಾನದ ನಿರ್ಮಾಣದಲ್ಲೂ ಬೌಲಸನ ಕೈಯಿತ್ತು. 1936ರಲ್ಲಿ ಬಂದ ಏರ್‌ಸ್ಟ್ರೀಮ್ ಕ್ಲಿಪ್ಪರಿನಲ್ಲಿ ನಾಲ್ವರು ಮಲಗಬಹುದಿತ್ತು, ವಿದ್ಯುದ್ದೀಪ ಮತ್ತು ಸ್ವಂತ ನೀರಿನ ತೊಟ್ಟಿ ಇತ್ತು. ಬೆಲೆ 1,200 ಡಾಲರ್. 1962ರಲ್ಲಿ ಬೈಯಮ್ ತೀರಿಕೊಂಡ ಮೇಲೆ, 1963-64ರಲ್ಲಿ, ಇಂಥ ಬೆಳ್ಳಿಬಣ್ಣದ ಟ್ರೇಲರುಗಳ ಸಾಲೊಂದು ಸಿಂಗಪುರದಿಂದ ಪೋರ್ಚುಗಲ್‌ವರೆಗೆ ನೆಲದ ದಾರಿಯಲ್ಲಿ ಸಾಗಿತು. ಹಾದು ಹೋದ ದೇಶಗಳಲ್ಲಿ ಭಾರತವೂ ಒಂದು. 1969ರಲ್ಲಿ ಚಂದ್ರನಿಂದ ಮರಳಿದ ಅಪೋಲೋ-11ರ ಮೂವರನ್ನು ಸೋಂಕಿನ ಭಯದಿಂದ ಪ್ರತ್ಯೇಕವಾಗಿ ಇರಿಸಿದ್ದೂ ಏರ್‌ಸ್ಟ್ರೀಮ್ ಗಾಡಿಯನ್ನೇ ಮಾರ್ಪಡಿಸಿದ ಕೋಣೆಯಲ್ಲಿ. ಅದರ ಕಿಟಕಿಯ ಹೊರಗೆ ನಿಂತು ಅಧ್ಯಕ್ಷ ನಿಕ್ಸನ್ ಅವರೊಡನೆ ಮಾತಾಡಿದರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಗಾದೆ. ಗಾಲಿಮನೆ ಈ ಎರಡು ಪರೀಕ್ಷೆಗಳನ್ನೂ ಒಟ್ಟಿಗೇ ಒಡ್ಡುತ್ತದೆ. 1954ರಲ್ಲಿ ತೆರೆಕಂಡ 'ದ ಲಾಂಗ್, ಲಾಂಗ್ ಟ್ರೇಲರ್' ಎಂಬ ಹಾಸ್ಯ ಚಿತ್ರದ ಕತೆ ಇದೇ. ಹೊಸದಾಗಿ ಮದುವೆಯಾದವಳು ಹೋದ ಕಡೆಯೆಲ್ಲ ನೆನಪಿಗೆಂದು ಒಂದೊಂದು ಕಲ್ಲು ಎತ್ತಿಕೊಂಡು ಗಾಡಿಯಲ್ಲಿ ಬಚ್ಚಿಡುತ್ತಾಳೆ. ಘಟ್ಟದ ದಾರಿಯಲ್ಲಿ ಆ ಭಾರವೇ ಇಬ್ಬರ ಪ್ರಾಣಕ್ಕೆ ಬರುತ್ತದೆ. ನಟಿಸಿದ ಲೂಸಿಲ್ ಬಾಲ್ ಮತ್ತು ದೇಸಿ ಅರ್ನಾಸ್ ನಿಜ ಜೀವನದಲ್ಲೂ ಆಗ ದಂಪತಿಗಳು. ಚಿತ್ರ ನಗಿಸಿದರೂ ಅದರ ಲೆಕ್ಕ ಸುಳ್ಳಲ್ಲ. ಗಾಲಿಮನೆಯಲ್ಲಿ ಪ್ರತಿಯೊಂದಕ್ಕೂ ತೂಕವಿದೆ. ಒಂದು ಗ್ಯಾಲನ್ ನೀರೆಂದರೆ 3.8 ಕಿಲೋ, 50 ಗ್ಯಾಲನ್ ತುಂಬಿದರೆ ಸುಮಾರು 190 ಕಿಲೋ. ತೊಟ್ಟಿಗಳೂ ಮೂರು: ಕುಡಿಯುವ ನೀರಿಗೊಂದು, ಪಾತ್ರೆ ತೊಳೆದ ಹಾಗೂ ಸ್ನಾನದ ನೀರಿಗೊಂದು, ಶೌಚಕ್ಕೊಂದು. ಕೊನೆಯ ಎರಡನ್ನು ನಿಗದಿಯಾದ ಜಾಗದಲ್ಲಿ ಬಳಿದು ಖಾಲಿ ಮಾಡಲೇಬೇಕು. ಪಟ್ಟಣದ ಮನೆಯಲ್ಲಿ ಕಣ್ಣಿಗೆ ಬೀಳದ ಕೆಲಸಗಳೆಲ್ಲ ಇಲ್ಲಿ ಕೈಗೇ ಬರುತ್ತವೆ.

ಇನ್ನು ಉದ್ದನೆಯ ಟ್ರೇಲರನ್ನು ಮರಗಳ ನಡುವಿನ ಕಿರಿದಾದ ಜಾಗಕ್ಕೆ ಹಿಮ್ಮುಖವಾಗಿ ತರುವುದು. ಒಬ್ಬರು ಚಕ್ರ ಹಿಡಿದಿರುತ್ತಾರೆ, ಇನ್ನೊಬ್ಬರು ಹಿಂದೆ ನಿಂತು ಕೈ ಬೀಸುತ್ತಾರೆ. ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರು ಎಡಕ್ಕೆ ಹೋಗುತ್ತದೆ. ನಲವತ್ತು ವರ್ಷ ಸಂಸಾರ ಮಾಡಿದವರ ತಾಳ್ಮೆಯನ್ನೂ ಈ ಹತ್ತು ನಿಮಿಷ ಅಳೆದುಬಿಡುತ್ತದೆ. 1950ರ ದಶಕದ ಜಾಹೀರಾತುಗಳಲ್ಲಿ ಗಂಡ ಚಕ್ರ ಹಿಡಿದಿರುತ್ತಿದ್ದ, ಹೆಂಡತಿ ನಗುತ್ತ ಒಲೆಯ ಮುಂದಿರುತ್ತಿದ್ದಳು. ಮನೆಯನ್ನು ಬಿಟ್ಟು ಬಂದರೂ ಮನೆಗೆಲಸ ಅವಳನ್ನು ಬಿಡಲಿಲ್ಲ ಎಂಬುದು ಆ ಚಿತ್ರಗಳಲ್ಲಿ ತಾನಾಗಿಯೇ ಕಾಣುತ್ತದೆ.

ಬೇರು ಉಳಿಸಿದ ವಿಜ್ಞಾನಿ

ವಾಹನವಾಯಿತು, ನಿಲ್ಲಿಸುವುದೆಲ್ಲಿ? 1920ರ ದಶಕದಲ್ಲಿ ಕಾರುಗಳು ಕಾಡಿನೊಳಗೆ ಮನಬಂದ ಕಡೆ ನುಗ್ಗುತ್ತಿದ್ದವು. ಕ್ಯಾಲಿಫೋರ್ನಿಯಾದ ದೈತ್ಯ ರೆಡ್‌ವುಡ್ ಮರಗಳು ಇದರಿಂದ ಸೊರಗುತ್ತಿರುವುದನ್ನು ಸಸ್ಯರೋಗ ತಜ್ಞ ಎಮಿಲಿಯೊ ಮೈನಿಕೆ ಕಂಡುಕೊಂಡರು. ಮರಗಳನ್ನು ಬಾಧಿಸುತ್ತಿದ್ದುದು ರೋಗವಲ್ಲ. ಕಾಲು ಮತ್ತು ಗಾಲಿ ತುಳಿದು ಗಟ್ಟಿಯಾದ ಮಣ್ಣು. 1932ರಲ್ಲಿ ಅವರು ಸೂಚಿಸಿದ ಪರಿಹಾರ ಸರಳವಾದದ್ದು. ವಾಹನಗಳು ಒಂದೇ ದಿಕ್ಕಿನಲ್ಲಿ ಸುತ್ತಿ ಬರುವ ದಾರಿ. ಅದರಿಂದ ಕೋನವಾಗಿ ಕವಲೊಡೆದು ಒಂದೊಂದು ವಾಹನಕ್ಕೆ ಒಂದೊಂದು ನಿಲುಗಡೆ. ಪಕ್ಕದಲ್ಲಿ ಮೇಜು, ಬೆಂಕಿಗೂಡು, ಡೇರೆಯ ಜಾಗ. ಗಾಡಿ ಮುಂದೆ ಹೋಗದಂತೆ ಬಂಡೆ ಅಥವಾ ದಿಮ್ಮಿ. ಮಹಾಕುಸಿತದ ಕಾಲದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರ ಸರಕಾರ ನಿರುದ್ಯೋಗಿ ತರುಣರಿಗೆಂದು 1933ರಿಂದ 1942ರವರೆಗೆ ನಡೆಸಿದ ಸಿವಿಲಿಯನ್ ಕನ್ಸರ್ವೇಷನ್ ಕೋರ್ ಈ ಮಾದರಿಯಲ್ಲಿ ದೇಶದ ತುಂಬ ಕ್ಯಾಂಪ್‌ಗ್ರೌಂಡುಗಳನ್ನು ಕಟ್ಟಿತು. ಇಂದಿಗೂ ಯಾವ ಸರಕಾರಿ ಕ್ಯಾಂಪ್‌ಗ್ರೌಂಡಿಗೆ ಹೋದರೂ ಕಾಣುವುದು ಮೈನಿಕೆಯ ನಕ್ಷೆಯೇ.

ಆದರೆ ಈ ಮರದ ನೆರಳು ಎಲ್ಲರಿಗೂ ಸಮನಾಗಿರಲಿಲ್ಲ. ವರ್ಜೀನಿಯಾದ ಶೆನಂಡೋವಾ ರಾಷ್ಟ್ರೀಯ ಉದ್ಯಾನದಲ್ಲಿ ಕರಿಯರಿಗಾಗಿ ಲೂಯಿಸ್ ಮೌಂಟನ್ ಎಂಬ ಪ್ರತ್ಯೇಕ ಬಿಡಾರವನ್ನು 1939ರಲ್ಲಿ ತೆರೆಯಲಾಯಿತು. ಉದ್ಯಾನದಲ್ಲಿ ಆ ಭೇದ ಪೂರ್ತಿ ಅಳಿದದ್ದು 1950ರಲ್ಲಿ. ದಾರಿಯಲ್ಲಿ ಯಾವ ಊರಿನಲ್ಲಿ ಊಟ ಸಿಕ್ಕೀತು, ಎಲ್ಲಿ ರಾತ್ರಿ ಕಳೆಯಬಹುದು ಎಂದು ತಿಳಿಸಲು 1936ರಿಂದ ಮೂರು ದಶಕ 'ಗ್ರೀನ್ ಬುಕ್' ಎಂಬ ಕೈಪಿಡಿಯೇ ಕರಿಯರಿಗಾಗಿ ಪ್ರಕಟವಾಗುತ್ತಿತ್ತು. ಮನಸ್ಸು ಬಂದ ಕಡೆ ಗಾಡಿ ನಿಲ್ಲಿಸುವ ಸ್ವಾತಂತ್ರ್ಯ ಬಹುಕಾಲ ಬಿಳಿಯರ ಸ್ವಾತಂತ್ರ್ಯವಾಗಿತ್ತು.

1956ರಲ್ಲಿ ಐಸೆನ್‌ಹೋವರ್ ಸಹಿ ಹಾಕಿದ ಕಾಯಿದೆಯಿಂದ ಅಂತರರಾಜ್ಯ ಹೆದ್ದಾರಿಗಳ ಜಾಲ ಹುಟ್ಟಿತು. 1962ರಲ್ಲಿ ಸಿಯಾಟಲ್ ನಗರದ ವಿಶ್ವ ಮೇಳಕ್ಕೆ ಹೋಗುವವರು ತನ್ನೂರಿನ ಮುಂದೆ ಸಾಲುಗಟ್ಟಿ ಸಾಗುವುದನ್ನು ಕಂಡ ಮೊಂಟಾನಾ ರಾಜ್ಯದ ಬಿಲಿಂಗ್ಸ್‌ನ ಡೇವ್ ಡ್ರಮ್, ಯೆಲ್ಲೊಸ್ಟೋನ್ ನದಿಯ ದಂಡೆಯಲ್ಲಿ ರಾತ್ರಿಗೆ 1.75 ಡಾಲರಿನಂತೆ ಜಾಗ ಕೊಟ್ಟರು. ಬಿಸಿನೀರಿನ ಸ್ನಾನವೂ ಅದರಲ್ಲೇ ಸೇರಿತ್ತು. ಅದು ಕೆಓಎ ಎಂಬ ಖಾಸಗಿ ಕ್ಯಾಂಪ್‌ಗ್ರೌಂಡು ಸರಣಿಯ ಆರಂಭ. 1966ರಲ್ಲಿ ಅಯೋವಾದ ಫಾರೆಸ್ಟ್ ಸಿಟಿ ಎಂಬ ಸಣ್ಣ ಊರಿನಲ್ಲಿ, ಪೀಠೋಪಕರಣದ ಅಂಗಡಿಯಿಂದ ಬದುಕು ಆರಂಭಿಸಿದ್ದ ಜಾನ್ ಹ್ಯಾನ್ಸನ್ ಅವರ ವಿನ್ನೆಬಾಗೊ ಕಂಪನಿ, ಎಂಜಿನ್ನೂ ಮನೆಯೂ ಒಂದೇ ಆದ ಮೋಟಾರ್ ಹೋಮುಗಳನ್ನು ಸಾಲುಜೋಡಣೆಯಲ್ಲಿ ತಯಾರಿಸಿ ಬೆಲೆ ಇಳಿಸಿತು. ವಾಹನ, ರಸ್ತೆ ಎರಡೂ ಸಿದ್ಧವಾದವು. ಉಳಿದದ್ದು ನೀರು.

ಹಿನ್ನೀರಿನ ಕೆಳಗಿನ ಊರು

ಮಿನಿಸೋಟ, ಮಿಷಿಗನ್ನಿನಂಥ ಉತ್ತರದ ರಾಜ್ಯಗಳಲ್ಲಿ ಹಿಮನದಿಗಳು ಕೊರೆದ ಸಾವಿರಾರು ಸರೋವರಗಳಿವೆ. ಆದರೆ ನಡುನಾಡಿನ ಬಯಲು, ಪಶ್ಚಿಮದ ಮರುಭೂಮಿ, ದಕ್ಷಿಣದ ಗುಡ್ಡಗಳಲ್ಲಿ ನಕ್ಷೆಯ ಮೇಲೆ 'ಲೇಕ್' ಎಂದು ಕಾಣುವುದರಲ್ಲಿ ಬಹುಪಾಲು ಅಣೆಕಟ್ಟಿನ ಹಿನ್ನೀರು. 1935ರಲ್ಲಿ ಉದ್ಘಾಟನೆಯಾದ ಹೂವರ್ ಅಣೆಕಟ್ಟಿನ ಹಿಂದೆ ಮೀಡ್ ಸರೋವರ ಹಬ್ಬಿತು. ಮರುವರ್ಷವೇ ಅದನ್ನು ವಿಹಾರ ಪ್ರದೇಶವೆಂದು ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈಗೆ ಕೊಡಲಾಯಿತು. 1938ರಲ್ಲಿ ಆ ನೀರು ಸೇಂಟ್ ಥಾಮಸ್ ಎಂಬ ಊರನ್ನು ನುಂಗಿತು.

ನಿರ್ಣಾಯಕವಾದದ್ದು 1944ರ ಪ್ರವಾಹ ನಿಯಂತ್ರಣ ಕಾಯಿದೆ. ಅದರ ಒಂದು ಕಲಮು ಅಣೆಕಟ್ಟು ಕಟ್ಟುವ ಸೇನಾ ಎಂಜಿನಿಯರುಗಳ ದಳಕ್ಕೆ ಹಿನ್ನೀರಿನ ದಂಡೆಯಲ್ಲಿ ಉದ್ಯಾನ, ವಿಹಾರ ಸೌಕರ್ಯಗಳನ್ನು ನಿರ್ಮಿಸುವ ಅಧಿಕಾರ ಕೊಟ್ಟಿತು. ಇಂದು ಆ ದಳ ನೋಡಿಕೊಳ್ಳುವ ಸುಮಾರು 400 ಜಲಾಶಯಗಳ ಬಿಡಾರಗಳು ಗಾಲಿಮನೆಯ ಹಿರಿಯರಿಗೆ ಅಚ್ಚುಮೆಚ್ಚು. ಅದೇ ಕಾಯಿದೆಯ ಇನ್ನೊಂದು ಕಲಮು ಮಿಸೂರಿ ನದಿಗೆ ಸಾಲು ಅಣೆಕಟ್ಟುಗಳನ್ನು ಹಾಕುವ ಪಿಕ್-ಸ್ಲೋನ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸೇನಾ ಎಂಜಿನಿಯರ್ ಲೂಯಿಸ್ ಪಿಕ್ ಮತ್ತು ನೀರಾವರಿ ಇಲಾಖೆಯ ಗ್ಲೆನ್ ಸ್ಲೋನ್ ಅವರ ಎರಡು ಪ್ರತ್ಯೇಕ ಯೋಜನೆಗಳನ್ನು ಒಂದುಗೂಡಿಸಿದ್ದು ಅದು.

ಮುಳುಗಡೆ ಎಂದರೇನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಡಕೋಟದ ಫೋರ್ಟ್ ಬರ್ತೋಲ್ಡ್ ಮೀಸಲು ಪ್ರದೇಶದಲ್ಲಿ ಮ್ಯಾಂಡನ್, ಹಿಡಾಟ್ಸ, ಅರಿಕಾರ ಎಂಬ ಮೂರು ಮೂಲನಿವಾಸಿ ಬುಡಕಟ್ಟುಗಳು ಮಿಸೂರಿ ನದಿಯ ಮೆಕ್ಕಲು ದಂಡೆಯಲ್ಲಿ ಜೋಳ, ಹುರುಳಿಕಾಯಿ, ಕುಂಬಳ ಬೆಳೆದುಕೊಂಡು ಬದುಕಿದ್ದವು. ಗ್ಯಾರಿಸನ್ ಅಣೆಕಟ್ಟಿನ ಕೆಲಸ 1947ರಲ್ಲಿ ಆರಂಭವಾಯಿತು. 1948ರ ಮೇ 20ರಂದು ವಾಷಿಂಗ್ಟನ್ನಿನಲ್ಲಿ ಭೂಮಿಯ ಮಾರಾಟಪತ್ರಕ್ಕೆ ಸಹಿ ಬಿದ್ದಾಗ ತೆಗೆದ ಛಾಯಾಚಿತ್ರವೊಂದಿದೆ. ಒಳಾಡಳಿತ ಕಾರ್ಯದರ್ಶಿ ಕ್ರುಗ್ ಮೇಜಿನ ಮುಂದೆ ಕುಳಿತು ಸಹಿ ಹಾಕುತ್ತಿದ್ದಾರೆ. ಪಕ್ಕದಲ್ಲಿ ಸೂಟು ಧರಿಸಿದ ಬುಡಕಟ್ಟು ಪರಿಷತ್ತಿನ ಅಧ್ಯಕ್ಷ ಜಾರ್ಜ್ ಜಿಲೆಟ್ ಕೈಯಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಾರೆ.

ಒಂದೂವರೆ ಲಕ್ಷ ಎಕರೆಗಿಂತ ಹೆಚ್ಚು ನೆಲ ಹೋಯಿತು. ಅದರಲ್ಲಿ ಅವರ ಸಾಗುವಳಿ ಭೂಮಿಯ ಬಹುಭಾಗ ಸೇರಿತ್ತು. ಸುಮಾರು 325 ಕುಟುಂಬಗಳು, ಎಂದರೆ ಮೀಸಲು ಪ್ರದೇಶದ ಜನರಲ್ಲಿ ಶೇಕಡಾ 80ರಷ್ಟು, ಎದ್ದು ಹೋಗಬೇಕಾಯಿತು. ಆಸ್ಪತ್ರೆ, ಶಾಲೆ, ಕಚೇರಿಗಳಿದ್ದ ಎಲ್ಬೊವುಡ್ಸ್ ಎಂಬ ಊರು ನೀರಿನ ತಳ ಸೇರಿತು. ಮೇಲ್ದಂಡೆಯ ವಿಲಿಸ್ಟನ್ ಪಟ್ಟಣ ಮುಳುಗದಂತೆ ಯೋಜನೆಯಲ್ಲಿ ಏರ್ಪಾಟು ಮಾಡಲಾಗಿತ್ತು; ಅದು ಬಿಳಿಯರ ಊರು. ನದಿಯ ಈ ದಡ ಆ ದಡದಲ್ಲಿ ಕೂಗಿದರೆ ಕೇಳುವಂತಿದ್ದ ನೆಂಟರು ನೀರು ಹರಡಿದ ಮೇಲೆ ಹತ್ತಾರು ಮೈಲಿ ಸುತ್ತಿ ಬರಬೇಕಾಯಿತು. ಕೆಳಹರಿವಿನ ಒವಾಹೆ ಅಣೆಕಟ್ಟು ಸ್ಟ್ಯಾಂಡಿಂಗ್ ರಾಕ್ ಮತ್ತು ಶಯೆನ್ ರಿವರ್ ಎಂಬ ಎರಡು ಮೀಸಲು ಪ್ರದೇಶಗಳಿಂದ ಇನ್ನೂ ಸುಮಾರು 1.6 ಲಕ್ಷ ಎಕರೆ ತೆಗೆದುಕೊಂಡಿತು. ಮೂರು ಬುಡಕಟ್ಟುಗಳಿಗೆ ಮೊದಲು ಸಿಕ್ಕಿದ ಪರಿಹಾರ ಸುಮಾರು 1.26 ಕೋಟಿ ಡಾಲರ್. ಅದು ನ್ಯಾಯವಾದ ಬೆಲೆಯಲ್ಲವೆಂದು ಅಮೆರಿಕದ ಸಂಸತ್ತೇ ಒಪ್ಪಿ, ಇನ್ನೂ 14.92 ಕೋಟಿ ಡಾಲರ್ ಮಂಜೂರು ಮಾಡಿದ್ದು 1992ರಲ್ಲಿ. ಸಹಿ ಬಿದ್ದು ಅಷ್ಟರಲ್ಲಿ 44 ವರ್ಷ ಕಳೆದಿತ್ತು.

ಗ್ಯಾರಿಸನ್ ಹಿನ್ನೀರಿನ ಉದ್ದ 178 ಮೈಲಿ. ಅದಕ್ಕಿಟ್ಟ ಹೆಸರು ಸಕಾಕವಿಯ. 1805ರಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಅವರ ಶೋಧಯಾತ್ರೆಯ ಜೊತೆ ಪಶ್ಚಿಮಕ್ಕೆ ನಡೆದ, ಹಿಡಾಟ್ಸ ಜನರ ನಡುವೆ ಬಾಳಿದ ಮೂಲನಿವಾಸಿ ಹೆಣ್ಣುಮಗಳು ಈಕೆ. ಅಣೆಕಟ್ಟಿನ ಬದಿಯ ಸಣ್ಣ ಊರಿನ ಹೆಸರು ಪಿಕ್ ಸಿಟಿ, ಎಂಜಿನಿಯರ್ ಪಿಕ್ ಅವರ ನೆನಪಿಗೆ. ಆ ಊರಿನ ಪಕ್ಕದಲ್ಲೇ ರಾಜ್ಯದ ಉದ್ಯಾನವಿದೆ. ಬೇಸಿಗೆಯಲ್ಲಿ ಅಲ್ಲಿ ಗಾಲಿಮನೆಗಳ ಸಾಲು, ದೋಣಿಗಳ ಸದ್ದು. ಕೆರೆಗೆ ನೊಂದವರ ಹೆಸರು, ಊರಿಗೆ ಮುಳುಗಿಸಿದವರ ಹೆಸರು.

ಹದಿನಾಲ್ಕು ದಿನದ ಋಣ

ಈ ದಂಡೆಗಳಿಗೆ ಹಿರಿಯ ದಂಪತಿಗಳೇ ಹೆಚ್ಚಾಗಿ ಬರಲು ಬಿಡುವೊಂದೇ ಕಾರಣವಲ್ಲ, ಲೆಕ್ಕಾಚಾರವೂ ಇದೆ. 62 ತುಂಬಿದವರಿಗೆ ಕೇಂದ್ರ ಸರಕಾರದ ಬಿಡಾರಗಳಲ್ಲಿ ಸಾಮಾನ್ಯವಾಗಿ ಅರ್ಧ ಶುಲ್ಕ. 'ಗೋಲ್ಡನ್ ಏಜ್ ಪಾಸ್‌ಪೋರ್ಟ್' ಎಂದು 1970ರ ದಶಕದಲ್ಲಿ ಬಂದ ಈ ಸವಲತ್ತು 2007ರಲ್ಲಿ 'ಸೀನಿಯರ್ ಪಾಸ್' ಆಯಿತು. ಆಜೀವ ಪಾಸಿನ ಬೆಲೆ 2017ರವರೆಗೆ ಕೇವಲ 10 ಡಾಲರ್ ಇತ್ತು. ಆ ವರ್ಷ 80ಕ್ಕೇರಿತು. ದಂಡೆಯ ಹಲವು ನಿಲುಗಡೆಗಳ ಬಳಿ 30 ಅಥವಾ 50 ಆಂಪಿಯರಿನ ವಿದ್ಯುತ್ ಕಂಬ, ನೀರಿನ ನಲ್ಲಿ. ಆದರೆ ಸಾಮಾನ್ಯ ನಿಯಮವೊಂದಿದೆ: ಒಂದು ಬಿಡಾರದಲ್ಲಿ 14 ದಿನ, ಆಮೇಲೆ ಜಾಗ ಖಾಲಿ ಮಾಡಬೇಕು. ಕೆರೆಯಿಂದ ಕೆರೆಗೆ ಹೋಗುವ ಈ ಬದುಕಿನ ಲಯವನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಅಲೆಯುವ ಆಸೆಯಲ್ಲ, ಈ ನಿಯಮ.

ಇನ್ನೂ ಹೆಚ್ಚು ದಿನ ಇರಬೇಕೆನ್ನುವವರು ಸೇವೆಗೆ ನಿಲ್ಲುತ್ತಾರೆ. ಬಿಡಾರದ ಬಾಗಿಲಲ್ಲಿ ಶುಲ್ಕ ಪಡೆಯುವುದು, ಬೆಂಕಿಗೂಡಿನ ಬೂದಿ ತೆಗೆಯುವುದು, ಹೊಸಬರಿಗೆ ಜಾಗ ತೋರಿಸುವುದು. ಇದಕ್ಕೆ ಪ್ರತಿಯಾಗಿ ಪುಕ್ಕಟೆ ನಿಲುಗಡೆ, ಕೆಲವೆಡೆ ಸಂಬಳ. ಸೇನಾ ಎಂಜಿನಿಯರುಗಳ ಬಿಡಾರಗಳಲ್ಲಿ ಈ ಗುತ್ತಿಗೆಯನ್ನು ಸಾಮಾನ್ಯವಾಗಿ ಇಬ್ಬರ ಜೋಡಿಗೇ ಕೊಡುತ್ತಾರೆ.

ಮನೆ ಮಾರಿದವರಿಗೆ ಬೇರೊಂದು ತೊಡಕು: ವಿಳಾಸ. ಮತ ಹಾಕಲು, ತೆರಿಗೆ ಕಟ್ಟಲು, ವಾಹನ ನೋಂದಾಯಿಸಲು ವಿಳಾಸ ಬೇಕೇ ಬೇಕು. 1978ರಲ್ಲಿ ಜೋ ಮತ್ತು ಕೇ ಪೀಟರ್ಸನ್ ಎಂಬ ದಂಪತಿಗಳು ಸ್ಥಾಪಿಸಿದ 'ಎಸ್ಕೇಪೀಸ್' ಸಂಘ ಇದಕ್ಕೆ ದಾರಿ ಕಂಡುಕೊಂಡಿತು. ಟೆಕ್ಸಸ್ಸಿನ ಲಿವಿಂಗ್‌ಸ್ಟನ್ ಊರಿನಲ್ಲಿರುವ ಅದರ ಕೇಂದ್ರಕ್ಕೆ ಸದಸ್ಯರ ಟಪಾಲು ಬರುತ್ತದೆ. ಅಲ್ಲಿಂದ ಅವರು ಇರುವ ಕಡೆಗೆ ಹೋಗುತ್ತದೆ. ಚಕ್ರ ಹಿಡಿಯುವ ಶಕ್ತಿ ಕುಂದಿದವರು ತಮ್ಮ ಗಾಲಿಮನೆಯಲ್ಲೇ ಉಳಿದು ಊಟ, ಆರೈಕೆ ಪಡೆಯುವ ವ್ಯವಸ್ಥೆಯನ್ನೂ ಸಂಘ 1990ರ ದಶಕದಲ್ಲಿ ಅಲ್ಲೇ ಮಾಡಿತು. ಈ ಬದುಕಿನ ಕಠಿಣ ಪ್ರಶ್ನೆ ಇರುವುದೇ ಇಲ್ಲಿ. ಇಬ್ಬರಿಗಾಗಿ ಅಳೆದು ಕಟ್ಟಿದ ಮನೆ ಇದು. ಇಬ್ಬರಲ್ಲಿ ಒಬ್ಬರು ಹೋದರೆ ಉಳಿದವರು ದಾರಿಯಲ್ಲಿರುತ್ತಾರೆ, ನೆರೆಮನೆಯಲ್ಲಿರುವುದು 14 ದಿನದ ಪರಿಚಯದವರು.

ಇಷ್ಟಪಟ್ಟು ಹೊರಟವರ ಸಾಲಿನಲ್ಲಿ ಬೇರೆ ದಾರಿ ಕಾಣದೆ ಹೊರಟವರೂ ಇದ್ದಾರೆ. 2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಕಳೆದುಕೊಂಡ ಹಲವು ಹಿರಿಯರಿಗೆ ವ್ಯಾನೇ ಮನೆಯಾಯಿತು. ಬೇಸಿಗೆಯಲ್ಲಿ ಬಿಡಾರದ ಕೆಲಸ, ಶರತ್ಕಾಲದಲ್ಲಿ ಬೀಟ್ ಗೆಡ್ಡೆಯ ಕೊಯ್ಲು, ವರ್ಷದ ಕೊನೆಗೆ ಗೋದಾಮುಗಳಲ್ಲಿ ದುಡಿಮೆ. ಇವರ ಬಗ್ಗೆ ಜೆಸಿಕಾ ಬ್ರೂಡರ್ 2017ರಲ್ಲಿ ಬರೆದ 'ನೋಮ್ಯಾಡ್‌ಲ್ಯಾಂಡ್' ಪುಸ್ತಕವನ್ನು ಆಧರಿಸಿದ ಚಿತ್ರಕ್ಕೆ 2021ರಲ್ಲಿ ಆಸ್ಕರ್ ಬಂತು. ಅದೇ ವರ್ಷ, ಕೋವಿಡ್ ಭಯದಲ್ಲಿ ಹೋಟೆಲು ವಿಮಾನಗಳನ್ನು ದೂರವಿಟ್ಟ ಜನರಿಂದಾಗಿ, ಉದ್ಯಮ ಆರು ಲಕ್ಷಕ್ಕೂ ಹೆಚ್ಚು ಆರ್‌ವಿಗಳನ್ನು ಮಾರುಕಟ್ಟೆಗೆ ಕಳಿಸಿ ದಾಖಲೆ ಮಾಡಿತು. 1920ರ ದಶಕದಲ್ಲಿ ಪುರಸಭೆಗಳು ಎಳೆಯಲು ಹೆಣಗಿದ ಗೆರೆ ಇನ್ನೂ ಅಲ್ಲೇ ಇದೆ: ಒಂದೇ ದಂಡೆಯಲ್ಲಿ ಅಕ್ಕಪಕ್ಕ ನಿಂತ ಎರಡು ಗಾಡಿಗಳಲ್ಲಿ ಒಂದು ಸುಖದ್ದು, ಇನ್ನೊಂದು ನಿರುಪಾಯದ್ದು ಇರಬಹುದು; ಹೊರಗಿನಿಂದ ನೋಡಿದವರಿಗೆ ತಿಳಿಯುವುದಿಲ್ಲ.

ಮನುಷ್ಯ ಕಟ್ಟಿದ ಕೆರೆ ಶಾಶ್ವತವೆಂದೂ ಹೇಳಲಾಗದು. 2022ರ ಜುಲೈನಲ್ಲಿ ಮೀಡ್ ಸರೋವರ, ಮೊದಲು ತುಂಬಿದಂದಿನಿಂದ ಕಾಣದಷ್ಟು ಕೆಳಗಿಳಿಯಿತು. ದೋಣಿ ಇಳಿಸುವ ಕಟ್ಟೆಗಳು ಒಣನೆಲದಲ್ಲಿ ನಿಂತವು. 1938ರಲ್ಲಿ ಮುಳುಗಿದ್ದ ಸೇಂಟ್ ಥಾಮಸ್ ಊರಿನ ಅಡಿಪಾಯಗಳು ಈ ಶತಮಾನದ ಬರದಲ್ಲಿ ಮತ್ತೆ ಬಿಸಿಲು ಕಂಡವು. ಜನ ಅದರ ಬೀದಿಗಳಲ್ಲಿ ನಡೆದಾಡಿದರು.

ಸಕಾಕವಿಯ ಸರೋವರ ಮಾತ್ರ ಎಲ್ಬೊವುಡ್ಸ್ ಊರನ್ನು ಬಿಟ್ಟುಕೊಟ್ಟಿಲ್ಲ. ಮುಳುಗಿದ ಊರುಗಳಿಂದ ಎದ್ದು ಬಂದವರಿಗಾಗಿ ಮೇಲಿನ ಬಯಲಲ್ಲಿ ಹುಟ್ಟಿದ ಊರಿನ ಹೆಸರು ನ್ಯೂ ಟೌನ್. ಅದರ ಬಳಿ, ಸರೋವರದ ದಂಡೆಯಲ್ಲಿ, ಮೂರು ಬುಡಕಟ್ಟುಗಳು ಇಂದು ತಮ್ಮದೇ ವಸತಿಗೃಹವನ್ನೂ ಗಾಲಿಮನೆಗಳ ಬಿಡಾರವನ್ನೂ ನಡೆಸುತ್ತವೆ. ದೂರದಿಂದ ಬಂದ ದಂಪತಿಗಳು ಅಲ್ಲಿ ವಿದ್ಯುತ್ ಕಂಬಕ್ಕೆ ತಂತಿ ಸಿಕ್ಕಿಸಿ, ನೀರಿನ ಕೊಳವೆ ಜೋಡಿಸಿ, ಕುರ್ಚಿ ಬಿಡಿಸಿ ಕೂರುತ್ತಾರೆ. ಬಾಡಿಗೆ ಪಡೆಯುವವರು, ಆ ನೀರಿನಡಿಯ ಹೊಲಗಳಲ್ಲಿ ಜೋಳ ಬೆಳೆದವರ ಮೊಮ್ಮಕ್ಕಳು.